ಅತ್ತೆಯ ಮನೆಯಲ್ಲಿಟ್ಟ ಗಂಟು

ಮಹಾಯುದ್ಧ ಶುರುವಾಗುವ ಮುಂಚಿನ ಬೇಸಗೆಯಲ್ಲಿ ನಾನು ಮ್ಯಾಟ್ರಿಕ್ ಪಾಸಾಗಿ ಪುಣೆಯ ಕಾಲೇಜೊಂದಕ್ಕೆ ಅರ್ಜಿ ಹಾಕಿದೆ. ಸವಣೂರಿನ ನಮ್ಮ ಓಣಿಯಲ್ಲಿ ಅಷ್ಟು ದೂರ ಓದಲು ಹೊರಟವನು ನಾನೊಬ್ಬನೇ. ಆ ಜಂಬ ನನಗೆ ಸಾಕಷ್ಟಿತ್ತು.

ಅಪ್ಪ ಪಂಚಾಂಗ ತೆಗೆದು ಕುಳಿತರು. ಬರುವ ಬುಧವಾರ ಬಿಟ್ಟರೆ ಆಮೇಲೆ ಇಪ್ಪತ್ತು ದಿನ ಪ್ರಯಾಣಕ್ಕೆ ಒಳ್ಳೆಯ ದಿನವಿರಲಿಲ್ಲ. ಕಾಲೇಜಿನಿಂದ ಉತ್ತರ ಬರದೆ ನಾನು ಹೊರಡುವಂತೆಯೂ ಇರಲಿಲ್ಲ. ಇಂಥ ಇಕ್ಕಟ್ಟಿಗೆ ನಮ್ಮಲ್ಲಿ ಪರಸ್ಥಾನವೆಂಬ ಉಪಾಯವಿತ್ತು. ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕನ ಬಟ್ಟೆಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಅವನು ಹೊರಟಂತೆಯೇ ಲೆಕ್ಕ. ಆಮೇಲೆ ಅವನು ಯಾವಾಗ ಬೇಕಾದರೂ ಗಂಟನ್ನೆತ್ತಿಕೊಂಡು ನಡೆಯಬಹುದು. ಅಲ್ಲಿಯವರೆಗೆ ಅದನ್ನು ಯಾರೂ ಕದಲಿಸುವಂತಿಲ್ಲ. ನನ್ನ ಗಂಟಿನಲ್ಲಿ ಎರಡು ಧೋತರ, ಒಂದು ಅಂಗಿ ಇದ್ದವು. ಹೇಗಿದ್ದರೂ ಪುಣೆಯಲ್ಲೇ ಬೇಕಾಗುವುದೆಂದು ಶಾಲೆಯ ಸರ್ಟಿಫಿಕೇಟನ್ನೂ ನಾನೇ ಅದರೊಳಗೆ ಸೇರಿಸಿದೆ.

ಗಂಟು ಹೋದದ್ದು ಎರಡು ಓಣಿ ಆಚೆ, ಅಪ್ಪನ ಅಕ್ಕನ ಮನೆಗೆ. ಒಂಟಿ ಹೆಂಗಸು, ಬಾಯಿ ಜೋರು. ದೇವರ ಮನೆಯ ಮೂಲೆಯಲ್ಲಿ ಗಂಟನ್ನಿಡುತ್ತ, “ಪುಣೇಕ್ಕ ಹೋಗಿ ಇಂಗ್ಲಿಷಿನಾಗ ಸಂಧ್ಯಾವಂದನಿ ಮಾಡಾಂವ ಇದ್ದೀ ಏನು, ತಮ್ಮಾ?” ಎಂದು ಛೇಡಿಸಿದರು.

ನಾಲ್ಕೈದು ದಿನಗಳಲ್ಲೇ ಅತ್ತೆಯ ಓಣಿಯಲ್ಲಿ ಇಲಿ ಬಿದ್ದವು. ಮೊದಲು ಒಂದು, ಬಾವಿಕಟ್ಟೆಯ ಹತ್ತಿರ. ಮಾರನೆಯ ದಿನ ಅಡಿಗೆಮನೆಗಳಲ್ಲಿ. ಸತ್ತ ಇಲಿ ಕಂಡರೆ ಪ್ಲೇಗು ಬಂತೆಂದೇ ಅರ್ಥ. ಸಂಜೆಯೊಳಗೆ ಓಣಿಗೆ ಓಣಿಯೇ ಮನೆಬಾಗಿಲಿಗೆ ಮುಳ್ಳು ಹಚ್ಚಿ ಎಲೆತೋಟದ ಆಚೆಯ ಗುಡಿಸಲುಗಳಿಗೆ ಹೋಯಿತು. ನಮ್ಮ ಓಣಿಯವರು ಹೊಸ್ತಿಲಲ್ಲಿ ನಿಂತು ಗೋಡೆಯ ಬಿಲಗಳನ್ನೇ ನೋಡುತ್ತಿದ್ದರು.

ಆಗಲೇ ಕಾಲೇಜಿನ ಪತ್ರ ಬಂತು. ಸರ್ಟಿಫಿಕೇಟು ಸೋಮವಾರದೊಳಗೆ ಕೈಸೇರದಿದ್ದರೆ ನನ್ನ ಜಾಗ ಇನ್ನೊಬ್ಬನಿಗೆ. ಅಂದು ಗುರುವಾರ. ಅಪ್ಪನಿಗೆ ಹೇಳಿದರೆ ಈ ವರ್ಷ ಕಾಲೇಜೇ ಬೇಡ ಎನ್ನುತ್ತಾರೆಂದು ಗೊತ್ತಿತ್ತು. ಹೇಳದೆ ಅತ್ತೆಯ ಗುಡಿಸಲಿಗೆ ಓಡಿದೆ. ಅತ್ತೆ ದೇವರ ಪೆಟ್ಟಿಗೆ ತಂದಿದ್ದರು, ಹಿಟ್ಟಿನ ಡಬ್ಬಿ ತಂದಿದ್ದರು. ನನ್ನ ಗಂಟು ಇರಲಿಲ್ಲ.

“ಅದನ್ನ ನಾ ಹೆಂಗ ಸರಸಲಿ? ನಿನ್ನ ಪ್ರಯಾಣ ಕೆಡ್ತದಲ್ಲ,” ಎಂದರು.

ಪತ್ರದಲ್ಲಿದ್ದದ್ದನ್ನು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅತ್ತೆ ಸ್ವಲ್ಪ ಹೊತ್ತು ಊರಿನ ಕಡೆ ನೋಡಿದರು.

“ನಾ ಹೋಗ್ತೇನಿ, ಅತ್ಯಾ,” ಎಂದೆ. ಎಂದೆನಷ್ಟೇ, ಕುಳಿತಲ್ಲಿಂದ ಏಳಲಿಲ್ಲ.

“ನೀ ಸುಮ್ಮನ ಕೂಡು. ಗಂಟು ಎತ್ತೂದಿಲ್ಲ, ಅಲ್ಲೇ ಬಿಚ್ಚಿ ಕಾಗದ ಅಷ್ಟ ತರ್ತೇನಿ.”

ಬೇಡ ಎನ್ನಬೇಕಿತ್ತು. ನನ್ನ ಬಾಯಿಗೆ ಬಂದದ್ದು, “ಎರಡನೇ ಧೋತರದ ಒಳಗ ಅದ” ಎಂಬ ಮಾತು.

ಅವರು ಬರಿಗಾಲಲ್ಲಿ ಹೋದರು. ಬರಲು ಬಹಳ ತಡವಾಯಿತು. ಬಂದವರು ದೂರದಲ್ಲೇ ನಿಂತು, ಕಾಗದವನ್ನು ಬಿಸಿಲಿಗೆ ಹರವಿ, ಮೇಲೊಂದು ಕಲ್ಲಿಟ್ಟು, “ಒಂದ ತಾಸು ಬಿಟ್ಟು ತೊಗೊ. ನನ್ನ ಹತ್ತಿರ ಬರಬ್ಯಾಡ,” ಎಂದರು. ಚಿಗಟ ಕಚ್ಚಿ ಕೆಂಪಾದ ಕಾಲನ್ನು ಸೀರೆಯಂಚಿನಿಂದ ಮುಚ್ಚಿಕೊಳ್ಳುತ್ತಿದ್ದರು. ನಾನು ನೋಡಿದೆ. ನೋಡಿಯೂ ಕಾಗದವನ್ನೇ ಕಾಯುತ್ತ ಕುಳಿತೆ. ತಾಸು ತುಂಬುವ ಮೊದಲೇ ಅದನ್ನೆತ್ತಿಕೊಂಡು ಟಪಾಲು ಕಚೇರಿಗೆ ಓಡಿದೆ.

ನಾಲ್ಕನೆಯ ದಿನ ಅತ್ತೆಗೆ ಜ್ವರ ಬಂತು. ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಊರೊಳಗೆ ಯಾಕೆ ಹೋಗಿದ್ದೆ ಎಂದು ಅಪ್ಪ ಎಷ್ಟು ಕೇಳಿದರೂ ಅತ್ತೆ ಜಪದ ಸರ ಮರೆತಿದ್ದೆ ಎಂದೇ ಹೇಳಿದರಂತೆ. ನಾನೂ ಬಾಯಿ ಬಿಡಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅಪ್ಪ ಗುಡಿಸಲಿನಿಂದ ಒಬ್ಬರೇ ಬಂದು ಕಟ್ಟೆಯ ಮೇಲೆ ಕುಳಿತು, “ಅಕ್ಕ ಹೋದಳು,” ಎಂದು ಅಳತೊಡಗಿದರು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟಪಾಲಿನವನು ಕಾಣಿಸಿದ. ನಾನು ಅಪ್ಪನನ್ನು ದಾಟಿ ಅವನೆದುರಿಗೆ ಓಡಿದೆ.