ಒಸಡು ನೋಯಿಸದ ಕುರುಗೋಡಿನ ಚಮಚ

ಮೂವತ್ತು ವರ್ಷಗಳಷ್ಟು ಹಿಂದೆ, ಬಳ್ಳಾರಿಯ ತಿಂಡಿ ಹೋಟೆಲೊಂದರಲ್ಲಿ, ಬೆಳಗಿನ ಗಿರಾಕಿಗಳೆಲ್ಲ ನೋಡುತ್ತಿರುವಂತೆಯೇ ಮಾಲೀಕರಾದ ಚಿದಾನಂದಪ್ಪನವರು ಸ್ಟೀಲ್ ಚಮಚವೊಂದನ್ನು ತಿರುಗಿಸಿ ಹಿಡಿದು, ಅದರ ಹಿಡಿಯ ತುದಿಯಿಂದ ತಮ್ಮ ದವಡೆಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಪುಟಾಣಿಯ ಚೂರನ್ನು ಹೊರತೆಗೆದರು. ನೀರು ಮುಕ್ಕಳಿಸಿ ಉಗುಳಿದರು. ಉಗುಳಿದ ನೀರಿನಲ್ಲಿ ಕೆಂಪು ಇರಲಿಲ್ಲ. ಎದುರಿಗೆ ಕೈಕಟ್ಟಿ ನಿಂತಿದ್ದ ಕುರುಗೋಡಿನ ಕೊಟ್ಟೂರಪ್ಪನವರಿಗೆ ಅಂದು ಬೇಕಾಗಿದ್ದುದು ಅಷ್ಟೇ.

ಅಷ್ಟಕ್ಕಾಗಿ ಅವರು ಒಂದಿಡೀ ಬೇಸಿಗೆಯನ್ನು ಸವೆಸಿದ್ದರು. ಉಣ್ಣುವ ಚಮಚದ ಹಿಡಿಯಲ್ಲಿಯೇ ಹಲ್ಲುಕಡ್ಡಿಯೂ ನಾಲಿಗೆ ಹೆರೆಯುವ ಅಂಚೂ ಇರಬೇಕೆಂಬುದು ಅವರ ಹಟ. ಕಡ್ಡಿಯೆಂದರೆ ಸೂಜಿಯಂತಿರಬೇಕೆಂದು ನಂಬಿ ಮೊನೆ ಮಾಡಿದಷ್ಟೂ ಒಸಡು ಹರಿಯುತ್ತಿತ್ತು. ಪರೀಕ್ಷೆಗೆ ಸಿಕ್ಕುತ್ತಿದ್ದುದು ಸ್ವಂತ ಬಾಯಿ ಒಂದೇ. ಊದಿದ ಒಸಡಿಗೆ ರೊಟ್ಟಿ ತಾಳದೆ ವಾರಗಟ್ಟಲೆ ಗಂಜಿ ಕುಡಿದರು. ಹಲ್ಲಿನ ಸಾಮಾನು ಮಾಡಹೊರಟು ಹಲ್ಲಿಲ್ಲದ ಮುದುಕನಂತಾದಿರೆಂದು ಮನೆಯವರು ನಕ್ಕರು. ಕೊನೆಗೊಂದು ದಿನ ಬಳ್ಳಾರಿಯ ಬಸ್ಸಿನಲ್ಲಿ ಪಕ್ಕದ ಪ್ರಯಾಣಿಕನೊಬ್ಬ ಟಿಕೇಟನ್ನು ಎರಡು ಮಡಿಕೆ ಮಾಡಿ, ಅದರ ಮೂಲೆಯಿಂದ ನೆಮ್ಮದಿಯಾಗಿ ಹಲ್ಲು ಕೆದಕುತ್ತಿದ್ದುದನ್ನು ಕಂಡರು. ಬೇಕಾದದ್ದು ಚುಚ್ಚುವ ಮೊನೆಯಲ್ಲ. ಚಪ್ಪಟೆಯಾದ, ಕೊಂಚ ಬಾಗುವ ಮೂಲೆ. ಮರುದಿನವೇ ಕಡ್ಡಿಯನ್ನು ಬಡಿದು ತೆಳ್ಳಗೆ ಮಾಡಿ, ಅದರ ತುದಿಯನ್ನು ಎಳೆಮಗುವಿನ ಉಗುರಿನಂತೆ ದುಂಡಗೆ ತೀಡಿದರು.

ಚಿದಾನಂದಪ್ಪನವರು ಮೆಚ್ಚಿದರು, ಆದರೆ ಹೋಟೆಲಿಗೆ ಕೊಳ್ಳಲಿಲ್ಲ. “ಚಲೋ ಐತಿ. ಆದ್ರ ಒಬ್ಬನ ಹಲ್ಲಾಗ ಆಡಿದ್ದನ್ನ ಇನ್ನೊಬ್ಬನ ಬಾಯಿಗೆ ಹೆಂಗ ಇಡ್ಲಿ? ಎಂಜಲ ಚಮಚದ ಹೋಟ್ಲು ಅಂತ ಹೆಸರು ಬರತೈತಿ,” ಎಂದರಂತೆ. ಎಂಜಲಿನ ಮಾತು ತಮ್ಮ ತಲೆಗೆ ಏಕೆ ಹೊಳೆದಿರಲಿಲ್ಲವೆಂದು ಕೊಟ್ಟೂರಪ್ಪನವರಿಗೆ ಇಂದಿಗೂ ನಗು. ಪರಿಹಾರ ಅವರ ಕೈಯಲ್ಲಿಯೇ ಇತ್ತು. ಮದುವೆಯಲ್ಲಿ ಮುಯ್ಯಿ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವರ ಮೊದಲ ಕಸುಬು. ಅಲ್ಲಿಯೇ ಕುಳಿತು, ಚುಕ್ಕೆಚುಕ್ಕೆಯಾಗಿ, ಚಮಚದ ಬೆನ್ನಿಗೆ ಚಿದಾನಂದಪ್ಪನವರ ಹೆಸರನ್ನು ಕೊರೆದುಕೊಟ್ಟರು. ಅಂದಿನಿಂದ ಇಂದಿನವರೆಗೆ ಹೆಸರಿಲ್ಲದ ಒಂದು ಚಮಚವೂ ಅವರ ಅಂಗಳ ದಾಟಿಲ್ಲ. ಒಂದು ಚಮಚ, ಒಂದೇ ಬಾಯಿ.

ಈಗ ಬೆಳಗಿನ ಜಾವ. ಕುರುಗೋಡಿನ ಗುಡ್ಡದ ಬಂಡೆಗಳು ಇನ್ನೂ ಕಪ್ಪಾಗಿವೆ. ಅಂಗಳದ ಬಲ್ಬಿನ ಕೆಳಗೆ, ಎಪ್ಪತ್ತನ್ನು ಸಮೀಪಿಸುತ್ತಿರುವ ಕೊಟ್ಟೂರಪ್ಪನವರು ಗೋಣಿಚೀಲದ ಮೇಲೆ ಕುಳಿತು ಸ್ಟೀಲ್ ಪಟ್ಟಿಯನ್ನು ಅಡಿಗಲ್ಲಿನ ಮೇಲೆ ಬಡಿಯುತ್ತಿದ್ದಾರೆ. ಒಂದು ತುದಿಯಲ್ಲಿ ಉಣ್ಣುವ ಬಟ್ಟಲು, ನಡುವೆ ನಾಲಿಗೆಗೆಂದು ಬಾಗಿಸಿದ ಅಂಚು, ಇನ್ನೊಂದು ತುದಿಯಲ್ಲಿ ಕಡ್ಡಿ. ಕಡ್ಡಿಗೆ ತೊಡಿಸಲು ಕೊಂಡಿಯುಳ್ಳ ಪುಟ್ಟದೊಂದು ಒರೆ. ದಿನಕ್ಕೆ ಹತ್ತು ಚಮಚಗಳಾದರೆ ಹೆಚ್ಚು. ಬಡಿತದಲ್ಲಿ ಈಗಲೂ ತಪ್ಪಿಲ್ಲ. ತಪ್ಪಿರುವುದು ಬೆರಳು.

ಕಡ್ಡಿ ಹದವಾಗಿದೆಯೇ ಎಂದು ತಿಳಿಯಲು ಅವರಿಗೆ ಇದ್ದುದು ಒಂದೇ ಸಾಧನ: ಎಡಗೈಯ ಹೆಬ್ಬೆರಳು. ಅದರ ಮೆತ್ತನೆಯ ಭಾಗದ ಮೇಲೆ ಕಡ್ಡಿಯನ್ನು ಎಳೆಯುತ್ತಿದ್ದರು. “ಗೆರಿ ಬೀಳಬಾರ್ದು, ಆದ್ರ ಬಂದದ್ದು ತಿಳೀಬೇಕು. ಅಷ್ಟ ನೋಡ್ರಿ,” ಎನ್ನುತ್ತಾರೆ. ಹಲವು ವರ್ಷಗಳ ಸಕ್ಕರೆ ಕಾಯಿಲೆ ಅವರ ಬೆರಳುಗಳ ತುದಿಗೆ ಜೋಮು ಹಿಡಿಸಿದೆ. “ಬೆರಳು ನಂದ ಐತಿ. ಅದರ ಸುದ್ದಿ ಮಾತ್ರ ನನಗ ಮುಟ್ಟವಲ್ದು.”

ಇದು ಅವರಿಗೆ ತಿಳಿದ ಬಗೆ ಕಹಿಯಾದುದು. ಸಿರುಗುಪ್ಪದ ಅಕ್ಕಿ ಗಿರಣಿಗಳ ಬಳಿ ಜಂಬಮ್ಮ ಎಂಬಾಕೆ ಖಾನಾವಳಿ ನಡೆಸುತ್ತಾರೆ. ಅಲ್ಲಿ ಉಣ್ಣುವ ಹಮಾಲರಿಗೆಲ್ಲ ಹೆಸರು ಕೊರೆದ ಚಮಚಗಳಿದ್ದವು. ಗೋಡೆಯ ಮೊಳೆಗಳಲ್ಲಿ ಸಾಲಾಗಿ ತೂಗುತ್ತಿದ್ದವು. ಕಳೆದ ಯುಗಾದಿಯ ನಂತರ ಹೊಸದಾಗಿ ಹೋದ ಚಮಚವೊಂದು ರಾಮಪ್ಪ ಎಂಬ ಹಮಾಲನ ಒಸಡನ್ನು ಸೀಳಿತು. ಒಸಡು ಕೀವುಗಟ್ಟಿ ಆತ ನಾಲ್ಕು ದಿನ ಚೀಲ ಹೊರಲಾಗದೆ ಮಲಗಿದ. ಸುದ್ದಿ ಕೇಳಿದ ಕೊಟ್ಟೂರಪ್ಪನವರು ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ರಾಮಪ್ಪನನ್ನು ಕಂಡು, ಗೋಡೆಯ ಮೇಲಿನ ಹೊಸ ಚಮಚಗಳನ್ನೆಲ್ಲ ಕಿತ್ತು ಚೀಲಕ್ಕೆ ಹಾಕಿಕೊಂಡರು.

“ಅಣ್ಣಾ, ಒಬ್ಬನ ಬಾಯಿ ಕೆಟ್ರ ಎಲ್ಲಾರ ಚಮಚ ಯಾಕ ಒಯ್ತಿ?” ಎಂದು ಜಂಬಮ್ಮ ತಡೆದಿದ್ದರು.

“ಉಳಿದವ್ರ ಬಾಯಿ ಕೆಡೋತನಕ ಕಾಯ್ಲೇನವ್ವಾ?” ಎಂದಿದ್ದರು ಇವರು.

ಮನೆಗೆ ಬಂದವರೇ ಸುತ್ತಿಗೆಯನ್ನು ಗೂಡಿನಲ್ಲಿಟ್ಟರು. ಹದ ಹೇಳುವ ಬೆರಳು ಸಿಗದಿದ್ದರೆ ಅದನ್ನು ಮತ್ತೆ ಮುಟ್ಟುವುದಿಲ್ಲವೆಂದು ಮನೆಮಂದಿಗೆಲ್ಲ ಹೇಳಿದರು. ಬಸ್ ಚಾಲಕನಾದ ಮಗ ತನ್ನ ಕೈ ಚಾಚಿದ. ಸ್ಟೇರಿಂಗ್ ಹಿಡಿದು ಕಾಯಿಗಟ್ಟಿದ ಅಂಗೈ ಯಾವುದಕ್ಕೂ ಬರಲಿಲ್ಲ. ಆಗ ಮುಂದೆ ಬಂದವರು ಸೊಸೆ ಸೌಂದರ್ಯ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ, ಹೊಲಿದ ಪ್ಯಾಂಟುಗಳ ಅಂಚಿನಲ್ಲಿ ಮುರಿದ ಸೂಜಿಯ ಚೂರು ಉಳಿದಿದೆಯೇ ಎಂದು ಕೈಯಾಡಿಸಿ ನೋಡುವುದು ಅವರ ಕೆಲಸವಾಗಿತ್ತು. ಚೂರು ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ತಿಳಿಯಬೇಕಾದ ಕೆಲಸ ಅದು. ಮಾವ ಒಪ್ಪಲು ಸಮಯ ಹಿಡಿಯಿತು. ತಾವೇ ತಿಳಿಯಲಾಗದ್ದನ್ನು ಇನ್ನೊಬ್ಬರು ತಿಳಿದಿದ್ದಾರೆಂದು ನಂಬುವುದು ಹೇಗೆಂಬುದು ಅವರ ಅಳಲು.

ಇಂದು ಆ ನಂಬಿಕೆಯ ಪರೀಕ್ಷೆ. ಸೌಂದರ್ಯ ಹದ ನೋಡಿದ ಮೊದಲ ಚಮಚಗಳು ಸಿರುಗುಪ್ಪಕ್ಕೆ ಹೊರಡಬೇಕು. ಅವರು ಒಂದೊಂದೇ ಕಡ್ಡಿಯನ್ನು ಹೆಬ್ಬೆರಳ ಮೇಲೆ ಎಳೆಯುತ್ತಾರೆ, ಉಪ್ಪುಕಾಗದದಿಂದ ತೀಡುತ್ತಾರೆ, ಮತ್ತೆ ಎಳೆಯುತ್ತಾರೆ. ಎರಡನ್ನು ಬದಿಗಿಡುತ್ತಾರೆ. ಕೊಟ್ಟೂರಪ್ಪನವರು ಅವನ್ನು ಬೆಳಕಿಗೆ ಹಿಡಿದು ನೋಡಿ, ಚಲೋ ಇವೆಯಲ್ಲ ಎನ್ನುತ್ತಾರೆ.

“ಕಣ್ಣಿಗೆ ಚಲೋ ಅದಾವ್ರಿ ಮಾವಾ. ಬೆರಳಿಗೆ ಇಲ್ಲ.”

 ಮಾವ ಆ ಎರಡನ್ನೂ ಅಡಿಗಲ್ಲಿನ ಮೇಲಿಟ್ಟು ತಾವೇ ಮುರಿಯುತ್ತಾರೆ.

ಮಧ್ಯಾಹ್ನ ಸಿರುಗುಪ್ಪದ ಖಾನಾವಳಿ ತುಂಬಿದೆ. ಕುಚ್ಚಿದ ಭತ್ತದ ಬಿಸಿ ವಾಸನೆ ಗಿರಣಿಗಳಿಂದ ಒಳಕ್ಕೆ ಬರುತ್ತಿದೆ. ಜಂಬಮ್ಮ ಹೊಸ ಚಮಚವನ್ನು ಕುದಿವ ನೀರಿನಲ್ಲಿ ಅದ್ದಿ ತೆಗೆದು, ಮೊದಲು ರಾಮಪ್ಪನ ತಟ್ಟೆಯ ಪಕ್ಕಕ್ಕೆ ಇಡುತ್ತಾರೆ. ಸುತ್ತಲಿನವರಿಗೆ ಅದೇ ತಮಾಷೆ. “ಲೇ ರಾಮಪ್ಪ, ಮೊದ್ಲು ನೀ ಬಾಯಿ ತೆಗಿ. ನೀ ಉಳಿದ್ರ ನಾವು,” ಎಂದು ಒಬ್ಬ ಕೆಣಕುತ್ತಾನೆ. ರಾಮಪ್ಪ ಅನ್ನ ಸಾರು ಉಂಡು, ಮಜ್ಜಿಗೆ ಕುಡಿದು, ಒರೆ ಸರಿಸಿ, ಅದೇ ಹಳೆಯ ಗಾಯದ ಕಡೆಯ ಹಲ್ಲುಗಳ ಸಂದಿಯಲ್ಲಿ ಕಡ್ಡಿಯಾಡಿಸುತ್ತಾನೆ. ಬಾಗಿಲ ಬಳಿ ನಿಂತ ಸೌಂದರ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾರೆ. ಕೊಟ್ಟೂರಪ್ಪನವರು ನೋಡಲಾರದೆ ಬೀದಿಯ ಕಡೆ ಮುಖ ಮಾಡಿದ್ದಾರೆ.

ರಾಮಪ್ಪ ಚಮಚವನ್ನು ತೊಳೆದು ಮೊಳೆಗೆ ತೂಗುಹಾಕಿ, ಟವೆಲನ್ನು ಹೆಗಲಿಗೇರಿಸಿ, ಗಿರಣಿಯತ್ತ ಹೊರಟೇಬಿಡುತ್ತಾನೆ. ಜಂಬಮ್ಮನೇ ಕೂಗಿ ನಿಲ್ಲಿಸಬೇಕಾಗುತ್ತದೆ.

“ಏನಾತೋ ರಾಮಪ್ಪ?”

ಆತ ತಿರುಗಿ ನೋಡುತ್ತಾನೆ. “ಏನಾಗಬೇಕಿತ್ತವ್ವಾ?”

ಜಂಬಮ್ಮ ನಕ್ಕು, ಉಳಿದ ಚಮಚಗಳನ್ನು ಒಂದೊಂದಾಗಿ ಕುದಿವ ನೀರಿಗೆ ಹಾಕತೊಡಗುತ್ತಾರೆ. ಮುಂದಿನ ತಿಂಗಳು ಗಿರಣಿಗೆ ಬರಲಿರುವ ಹೊಸ ಹಮಾಲರ ಹೆಸರುಗಳನ್ನೂ ಅಲ್ಲಿಯೇ ಹೇಳುತ್ತಾರೆ. ಕೊಟ್ಟೂರಪ್ಪನವರು ಅವುಗಳನ್ನು ಬಾಯಲ್ಲಿಯೇ ಮೆಲುಕು ಹಾಕಿ ನೆನಪಿನಲ್ಲಿಟ್ಟುಕೊಳ್ಳುತ್ತಾರೆ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯಾಚೆ ಕಾಲುವೆಯ ನೀರು ಕುಡಿದ ಗದ್ದೆಗಳು. ತೋಳಿನಲ್ಲಿ ಬಲವಿರುವವರೆಗೆ ಬಡಿಯುವುದು ತಮ್ಮ ಪಾಲಿಗಿರಲಿ, ಇದು ಹೋಗಬಹುದು, ಇದು ಬೇಡ ಎನ್ನುವ ಮಾತು ಇನ್ನು ಸೊಸೆಯದೇ ಎನ್ನುತ್ತಾರೆ ಕೊಟ್ಟೂರಪ್ಪನವರು. ತಮಗೆ ಬೇರೆ ಆಸೆಯಿಲ್ಲವೆನ್ನುತ್ತಾರೆ.  ತೆಕ್ಕಲಕೋಟೆ ದಾಟಿದ ಮೇಲೆ ಸೌಂದರ್ಯ ಮಾವನ ಕಡೆ ತಿರುಗುತ್ತಾರೆ.

“ಮಾವಾ, ಆ ಬ್ಯಾಸಿಗಿ ಕತಿ ಇನ್ನೊಮ್ಮೆ ಹೇಳ್ರಿ. ಚಿದಾನಂದಪ್ಪ ಸಾವ್ಕಾರ್ರದು ಬ್ಯಾಡ, ಅದು ಗೊತ್ತೈತಿ. ಒಸಡು ಹರಿದ ಕಡ್ಡಿ ಇದ್ವಲ್ಲ, ಒಂದೊಂದು ಹೆಂಗ ಕೆಟ್ಟಿತ್ತು, ಅಲ್ಲಿಂದ ಹೇಳ್ರಿ.”