ಅವ್ವ ಗುಡಿಸಿಟ್ಟ ತೋಟ

ಇಷ್ಟು ವರ್ಷವಾದರೂ, ಕಿಟಕಿ ಮುಚ್ಚಿ, ಪರದೆ ಕಟ್ಟಿ ಯಾರಾದರೂ ಸ್ಲೈಡ್ ತೋರಿಸಲು ನಿಂತರೆ ನನಗೆ ಮೈ ಉರಿಯುತ್ತದೆ. ಆ ಉರಿ ಹಚ್ಚಿದವರು ಒಬ್ಬ ಕೀಟ ವಿಜ್ಞಾನಿ. ನಮ್ಮೂರಿನವರು ಅವರನ್ನು ಹುಳದ ಸಾಹೇಬರು ಎನ್ನುತ್ತಿದ್ದರು.

ಎಂಬತ್ತರ ದಶಕದ ಶುರುವಿನ ಮಾತು. ಶೆಟ್ಟಿಕೆರೆ ಹತ್ತಿರದ ನಮ್ಮ ತೆಂಗಿನ ತೋಟಕ್ಕೆ ಕಪ್ಪು ತಲೆ ಹುಳ ಬಿದ್ದಿತ್ತು. ಗರಿಯ ಅಡಿಯಲ್ಲಿ ಬಲೆ ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುವ ಹುಳ ಅದು. ದೂರದಿಂದ ನೋಡಿದರೆ ಮರಗಳಿಗೆ ಬೆಂಕಿ ತಗುಲಿದಂತೆ ಕಾಣುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿದ್ದವಳು ಅವ್ವ. ಹುಳ ಊರಿನ ಎಲ್ಲರ ತೋಟಕ್ಕೂ ಬಿದ್ದಿದ್ದರೂ ನಮ್ಮ ದೊಡ್ಡಪ್ಪ ಮಾತ್ರ "ಹೆಂಗಸಿನ ಕೈಗೆ ತೋಟ ಹೋದ್ರೆ ಇನ್ನೇನಾಯ್ತದೆ" ಎಂದು ಸಿಕ್ಕಸಿಕ್ಕವರ ಮುಂದೆ ಆಡಿಕೊಂಡರು. ಅವರ ತೋಟವೇನೂ ಹಸಿರಾಗಿರಲಿಲ್ಲ. ಆದರೂ ಆ ಮಾತು ಅವ್ವನಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ತೋಟ ಮತ್ತೆ ಚಿಗುರಬೇಕು, ಆ ಬಾಯಿ ಮುಚ್ಚಬೇಕು, ಅವಳಿಗೆ ಬೇಕಿದ್ದದ್ದು ಇಷ್ಟೇ.

ಹಾಗಿರುವಾಗ ಸಾಹೇಬರು ಜೀಪಿನಲ್ಲಿ ಬಂದು ಪ್ರಯೋಗಕ್ಕೆ ನಮ್ಮ ತೋಟವನ್ನೇ ಆರಿಸಿಕೊಂಡರು. ತುರುವೇಕೆರೆಯಲ್ಲಿ ಟೀಚರಾಗಿದ್ದ ನಾನು ಭಾನುವಾರ ಊರಿಗೆ ಹೋದಾಗ ಅವ್ವನ ಮುಖ ನೋಡಬೇಕಿತ್ತು.

"ಇಷ್ಟು ತೋಟದಾಗೆ ನಮ್ದೇ ಬೇಕು ಅಂದ್ರು ಕಣೇ! ಗಾಜಿನ ಕೊಳವೇಲಿ ಹುಳ ತಿನ್ನೋ ಹುಳ ತಂದು ಬುಟ್ಟವ್ರೆ. ಸೊಳ್ಳೆಗಿಂತ ಸಣ್ಣವು. ಪಾಪ, ಆ ಸಾಹೇಬ್ರು ನೆಲದ ಮೇಲೆ ಅಂಗಾತ ಮಲಗಿ ಭೂತಗನ್ನಡಿ ಹಿಡ್ಕಂಡು ಜೋತುಬಿದ್ದ ಗರಿ ಅಡಿ ನೋಡ್ತಾರೆ. ಬಟ್ಟೆ ಕೊಳೆ ಆಯ್ತದೆ ಅಂತಲೂ ಇಲ್ಲ."

"ನಿಂಗೇನು ಹೇಳಿದ್ರು?" ಎಂದು ಕೇಳಿದೆ.

"ಔಷಧಿ ಹೊಡೀಬೇಡಿ, ಮುಂದಿನ ತಿಂಗಳು ಬತ್ತೀವಿ ಅಂದ್ರು. ಮಿಕ್ಕಿದ್ದೆಲ್ಲ ಅವರವರೇ ಇಂಗ್ಲಿಷಲ್ಲಿ ಮಾತಾಡ್ಕಂಡ್ರು."

ಅವ್ವ ಔಷಧಿಯ ಡಬ್ಬಿಯನ್ನು ಮುಟ್ಟಲಿಲ್ಲ. ಆದರೆ ಸಾಹೇಬರು ಮತ್ತೆ ಬರುತ್ತಾರೆಂದು ಸುದ್ದಿ ಬಂದಾಗ, ನೆಂಟರು ಬರುವಾಗ ಯಾರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಮರ ಹತ್ತುವವನನ್ನು ಕರೆಸಿ ಹುಳ ಹತ್ತಿದ ಗರಿಗಳನ್ನೆಲ್ಲ ಕೊಯ್ಯಿಸಿದಳು. ಒಟ್ಟಿ ಸುಟ್ಟಳು. ಬುಡಗಳನ್ನು ಗುಡಿಸಿ, ತೋಟದ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿಯನ್ನೂ ಹಾಕಿದಳು.

ಮುಂದಿನ ಭಾನುವಾರ ಅವ್ವ ಹೇಳಿದ್ದು ಇದು: "ತೋಟ ನೋಡ್ತಾನೇ ಸಾಹೇಬ್ರು ತಲೆ ಮೇಲೆ ಕೈ ಇಟ್ಕಂಡ್ರು. ಬಿಸ್ಲು ತಡೀನಿಲ್ಲ ಅಂತ ಕಾಣ್ತದೆ. ಕಾಫಿನೂ ಕುಡೀನಿಲ್ಲ. ಫೋಟೋ ಮಾತ್ರ ಹಿಡ್ಕಂಡು ಹೋದ್ರು. ಅಷ್ಟು ಚೆನ್ನಾಗಿತ್ತು ಕಣೇ ತೋಟ!"

ಚಿಕ್ಕನಾಯಕನಹಳ್ಳಿಯಲ್ಲಿ ರೈತರ ಸಭೆ ಎಂದಾಗ ಅವ್ವ ಪೆಟ್ಟಿಗೆಯ ಸೀರೆ ಉಟ್ಟು, ಸಾಹೇಬರಿಗೆಂದು ಎಳನೀರು ಕಟ್ಟಿಕೊಂಡು ಹೊರಟಳು. ನಾನೂ ಜೊತೆಗೆ ಹೋದೆ. ಹೊರಗಿನಿಂದ ಬಂದಿದ್ದ ಅಧಿಕಾರಿಗಳು ಮುಂದಿನ ಸಾಲಿನಲ್ಲಿದ್ದರು. ಪರದೆಯ ಮೇಲೆ ನಮ್ಮ ತೋಟ ಬಂತು. ಬೋಳು ಮರಗಳು, ಕರಿ ಬೂದಿಯ ಗುಡ್ಡೆ, ರಂಗೋಲಿ.

"ನಮ್ದು ಕಣೇ! ನಮ್ ತೋಟ!" ಎಂದು ಅವ್ವ ನನ್ನ ತೋಳು ಹಿಡಿದು ಎಳೆದಳು.

ಸಾಹೇಬರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: ಹುಳ ತಿನ್ನಲೆಂದು ನಾವು ಬಿಟ್ಟ ಸಣ್ಣ ಕಣಜದ ಹುಳಗಳ ಮರಿಗಳೆಲ್ಲ ಈ ಗರಿಗಳಲ್ಲೇ ಇದ್ದವು, ಈಕೆ ಅವನ್ನೆಲ್ಲ ಸುಟ್ಟು ನಮಗೆ ರಂಗೋಲಿ ಹಾಕಿದ್ದಾಳೆ, ಇಂಥ ಮೂಢರ ನಡುವೆ ನಮ್ಮ ಕೆಲಸ. ಮುಂದಿನ ಸಾಲು ನಕ್ಕಿತು. ಹಿಂದೆ ಕೂತ ರೈತರೂ ಏಕೆಂದು ತಿಳಿಯದೆ ನಕ್ಕರು. ಅವ್ವನೂ ನಕ್ಕಳು.

ನಾನು ಎದ್ದು ನಿಂತೆ.

"ಕಣಜದ ಮರಿಗಳು ಗರಿಯಲ್ಲೇ ಇರ್ತವೆ, ಕೊಯ್ಯಬೇಡಿ, ಸುಡಬೇಡಿ ಅಂತ ನೀವು ನಮ್ಮವ್ವನಿಗೆ ಹೇಳಿದ್ರಾ ಸಾರ್?" ಎಂದು ಕನ್ನಡದಲ್ಲೇ ಕೇಳಿದೆ.

ಅವರು ಕನ್ನಡಕ ಸರಿಮಾಡಿಕೊಂಡರು. "ಹೇಳಿದ್ರೆ ಅರ್ಥ ಆಗ್ಬೇಕಲ್ಲಮ್ಮ" ಎಂದರು.

ನೆಲದ ಮೇಲೆ ಅಂಗಾತ ಮಲಗಿ ಹುಳದ ಸಂಸಾರವನ್ನೆಲ್ಲ ನೋಡುವ ಮನುಷ್ಯ, ಪಕ್ಕದಲ್ಲೇ ನೀರಿನ ಚೊಂಬು ಹಿಡಿದು ನಿಂತ ಹೆಂಗಸಿಗೆ ಈ ಒಂದು ಮಾತು ಹೇಳಲಿಲ್ಲ. ಅದಕ್ಕೆ ಭೂತಗನ್ನಡಿ ಬೇಕಿತ್ತೇ? ನಾನು ಅವ್ವನ ಕೈ ಹಿಡಿದು ಹೊರಗೆ ಕರೆತಂದೆ. ಎಳನೀರು ಅಲ್ಲೇ ಉಳಿಯಿತು. ಅದಕ್ಕೂ ನನಗೆ ಸಿಟ್ಟು.

ಬಸ್ಸಿನಲ್ಲಿ ಸಾಹೇಬರನ್ನು, ಅಧಿಕಾರಿಗಳನ್ನು, ನಾಳೆ ಇದನ್ನೇ ಹಿಡಿದು ಆಡಿಕೊಳ್ಳಲಿರುವ ದೊಡ್ಡಪ್ಪನನ್ನು, ಒಬ್ಬರನ್ನೂ ಬಿಡದೆ ಬೈದೆ. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಕೇಳಿದ ಪ್ರಶ್ನೆಯಿಂದಲೇ ಅವಳಿಗೆ ಎಲ್ಲ ತಿಳಿದಿತ್ತು. ಅಳುತ್ತಾಳೆ, ಇಲ್ಲವೇ ನನ್ನ ಜೊತೆ ಸೇರಿ ಬೈಯುತ್ತಾಳೆ ಅಂದುಕೊಂಡಿದ್ದೆ.

"ನಾನು ಬೆಂಕಿ ಇಕ್ಕಿದಾಗ ಅವು ಜೀವಂತ ಇದ್ವೇನೇ?" ಎಂದು ಕೇಳಿದಳು.

"ಯಾವು?"

"ಆ ಸಣ್ಣವು. ನಮ್ಮನೆಗೆ ಅಂತ ಬಂದಿದ್ವಲ್ಲ."