ದಾಕ್ಷಿಣ್ಯವಿಲ್ಲದ ಬಾವಿ

ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕೆಂದು ಹಿರಿಯರು ಹೇಳಿಕೊಟ್ಟಿದ್ದರು. ನಾನು ಈಗಲೂ ಅಂಗೈಯನ್ನೇ ನೋಡುತ್ತೇನೆ. ಆದರೆ ಅಂಗೈಯಲ್ಲೊಂದು ಮೊಬೈಲು, ಮೊಬೈಲಿನಲ್ಲಿ ನಮ್ಮ ಮನೆಯ ಬಾವಿ. ಹಟ್ಟಿಯಂಗಡಿಯ ಹೊಳೆಸಾಲಿನ ಬಾವಿಗಳಿಗೆ ಕಾಲೇಜೊಂದರವರು ಸೆನ್ಸರ್ ಇಳಿಬಿಟ್ಟು ಹೋಗಿದ್ದಾರೆ. ಮಳೆ ಲೆಕ್ಕ ತಪ್ಪಿ, ಸಮುದ್ರ ಮಿತಿ ಮರೆತು, ಉಪ್ಪುನೀರು ಹೊಳೆಗುಂಟ ಎಷ್ಟು ಮೇಲೆ ಬಂದಿತೆಂಬುದನ್ನು ಅದು ಅಳೆದು, ಎಲ್ಲ ಬಾವಿಗಳ ಅಂಕೆಯನ್ನೂ ಮೊಬೈಲಿಗೆ ಕಳಿಸುತ್ತದೆ. ಅಂಕೆ ಹಸಿರಾದರೆ ಕುಡಿಯಬಹುದು, ಕೆಂಪಾದರೆ ಕೂಡದು. ಈ ಬೇಸಿಗೆಯಲ್ಲಿ ನಮ್ಮದು ಕೆಂಪಾಯಿತು.

ನನ್ನ ನಾಲಿಗೆಗೆ ಮಾತ್ರ ಏನೂ ತಿಳಿಯಲಿಲ್ಲ. ಬರಿಹೊಟ್ಟೆಯಲ್ಲಿ ಕುಡಿದೆ, ಕಣ್ಣುಮುಚ್ಚಿ ಕುಡಿದೆ. ಒಮ್ಮೆ ಉಪ್ಪೆನಿಸಿದರೆ ಮತ್ತೊಮ್ಮೆ ಬರೀ ಸಂಶಯವೆನಿಸಿತು. ಚಿಕ್ಕಂದಿನಲ್ಲಿ ಈ ನೀರು ಅಮೃತದಂತಿತ್ತೆಂದು ನೆನಪು ಸಾಕ್ಷಿ ಹೇಳುತ್ತದೆ. ಆಗ ಬಾಯಲ್ಲಿ ಬೆಲ್ಲದ ಚೂರೂ ಇರುತ್ತಿತ್ತಾದ್ದರಿಂದ ಆ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಪದ್ಧತಿಯಷ್ಟೆ? ತೆಕ್ಕಟ್ಟೆಯ ಭಾವ ಬಂದಾಗಲೂ ಅದನ್ನೇ ಕೊಟ್ಟು, ಫಲಿತಾಂಶ ಕಾಯುವ ವಿದ್ಯಾರ್ಥಿಯಂತೆ ನಿಂತು, "ನೀರ್ ಹ್ಯಾಂಗಿತ್ ಭಾವ?" ಎಂದೆ.

"ಬೆಲ್ಲ ಲಾಯ್ಕಿತ್ ಮಾರಾಯ!"

ಕೊಟ್ಟ ನೀರನ್ನು ದೂರುವವರು ಈ ಸೀಮೆಯಲ್ಲಿ ಹುಟ್ಟಿಲ್ಲ. ದಾಕ್ಷಿಣ್ಯ ಕಲಿಯದ ಜೀವ ಇಲ್ಲಿ ಒಂದೇ, ಅದು ಬಾವಿಯೊಳಗೆ ತೂಗಾಡುತ್ತಿದೆ.

ನನ್ನೊಬ್ಬನದೇ ಪ್ರಶ್ನೆಯಾಗಿದ್ದರೆ ಅನುಮಾನವನ್ನೇ ಕುಡಿದುಕೊಂಡು ಇದ್ದುಬಿಡುತ್ತಿದ್ದೆ. ಆದರೆ ನೆರೆಮನೆಯ ಗಿರಿಜಕ್ಕನ ಬಾವಿ ಹೋದ ವರ್ಷವೇ ಉಪ್ಪಾಗಿ, ಅವರು ಕೊಡಪಾನ ತುಂಬುವುದು ನಮ್ಮಲ್ಲಿ. ಹೆರಿಗೆಗೆ ತವರಿಗೆ ಬಂದಿರುವ ಅವರ ಮಗಳು ಕುಡಿಯುವುದೂ ಇದೇ ನೀರು. ತುಂಬುಬಸುರಿ, ಆಗಲೇ ಕಾಲು ಊದಿಕೊಂಡಿದೆ, ಉಪ್ಪು ಹೆಚ್ಚಾಗಕೂಡದು. ಕೊನೆಗೆ ಗಿರಿಜಕ್ಕನಿಗೆ ಕೆಂಪು ಅಂಕೆ ತೋರಿಸಿ, ಈ ನೀರು ಮಗಳಿಗೆ ಬೇಡವೆಂದೆ.

ಅವರ ಮುಖ ಸಣ್ಣಗಾಯಿತು. "ಹ್ವಾಯ್, ನೀರ್ ಕೊಡುಕ್ ಮನ್ಸಿಲ್ದಿರೆ ಸೀದಾ ಹೇಳಿ. ಮೊಬೈಲಿನ್ ಮೇಲೆ ಎಂತಕ್ ಹಾಕ್ತ್ರಿ?"

ಎಷ್ಟು ಯೋಚಿಸಿದ್ದರೂ ಇದೊಂದು ನನಗೆ ಹೊಳೆದಿರಲಿಲ್ಲ. ಗಾಬರಿಯಲ್ಲಿ ನಾನೇ ನೀರು ಸೇದಿ, ಅವರ ಕೊಡಪಾನವನ್ನು ಕಂಠಮಟ್ಟ ತುಂಬಿಸಿಕೊಟ್ಟೆ. ಬೇಡವೆಂದ ಬಾಯಿ, ತುಂಬಿಸಿದ ಕೈ! ಗಿರಿಜಕ್ಕ ನನ್ನನ್ನೂ ಕೊಡಪಾನವನ್ನೂ ನೋಡಿದರು. ಒಂದು ಬೊಗಸೆ ಎತ್ತಿ ಬಾಯಿಗೆ ಹೊಯ್ದುಕೊಂಡು, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ನುಂಗಿದರು. ಕೊಡಪಾನವನ್ನು ತೆಂಗಿನ ಬುಡಕ್ಕೆ ಬಗ್ಗಿಸಿ, "ಮೇಲ್ಮನಿಗ್ ಹೋಪ. ನೀರ್ ಕೇಂಬುದ್ ನೀವೇ, ನಂಗ್ ನಾಚ್ಕಿ ಆತ್ತ್" ಎಂದರು.

ಖಾಲಿ ಕೊಡಪಾನ ಹಿಡಿದು ಇಬ್ಬರೂ ಮೇಲ್ಮನೆಯಿರುವ ದಿಬ್ಬ ಹತ್ತಿದೆವು. ಹುಟ್ಟಿದಾರಭ್ಯ ಬಾವಿಯಿದ್ದ ಮನೆಯವನಿಗೆ ನೀರು ಕೇಳುವ ಮಾತು ಹೇಗೆ ಶುರುವಾಗುತ್ತದೆಂದೇ ಗೊತ್ತಿಲ್ಲ. ನಡೆಯುತ್ತಲೇ ಮೊಬೈಲು ತೆರೆದೆ. ಮೇಲ್ಮನೆಯ ಬಾವಿ ಹಸಿರಾಗಿಯೇ ಇತ್ತು. ಆದರೆ ಉಪ್ಪಿನ ಅಂಕೆ ನಿನ್ನೆಗಿಂತ ಕೊಂಚ ಏರಿತ್ತು. ನೀರು ಕೇಳುವ ಮೊದಲು ಅದನ್ನು ಹೇಳಬೇಕೋ, ನೀರು ಸಿಕ್ಕ ಮೇಲೆ ಹೇಳಬೇಕೋ ಎಂದು ಯೋಚಿಸುತ್ತಿರುವಾಗಲೇ ಅವರ ಅಂಗಳ ಬಂದುಬಿಟ್ಟಿತು.